ಬೇಸಿಗೆ ರಜೆಯ ಆನ್‌ಲೈನ್ ಬರವಣಿಗೆ ಕ್ಲಾಸ್: ಮಗಳು ಬರೆದದ್ದನ್ನು ಅಲ್ಲಿ ಯಾರು ಓದುತ್ತಾರೆ?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಎರಡು ವರ್ಷದಿಂದ ನೋಟ್‌ಬುಕ್ಕಿನಲ್ಲಿ ಕಥೆ ಬರೆಯುತ್ತಿದ್ದಾಳೆ. ಯಾರಿಗೂ ತೋರಿಸುವುದಿಲ್ಲ. ಈ ಬೇಸಿಗೆ ರಜೆಯಲ್ಲಿ ಸಾಹಿತ್ಯ ಮತ್ತು ಬರವಣಿಗೆಯ ಆನ್‌ಲೈನ್ ಕ್ಲಾಸಿಗೆ ಸೇರಿಸಿ ಎಂದು ಅವಳೇ ಕೇಳಿದಳು. ಹುಡುಕಿದರೆ ಹತ್ತಾರು ಕ್ಲಾಸುಗಳು ಸಿಗುತ್ತವೆ. ಒಂದರಲ್ಲಿ ದಿನಾ ಎರಡು ಗಂಟೆ ಪಾಠ. ಇನ್ನೊಂದರಲ್ಲಿ ಬರೀ ರೆಕಾರ್ಡ್ ಮಾಡಿದ ವಿಡಿಯೊ. ಮತ್ತೊಂದರಲ್ಲಿ ಕೋರ್ಸ್ ಮುಗಿಯುವಷ್ಟರಲ್ಲಿ ಮಗುವಿನ ಪುಸ್ತಕವೇ ಹೊರಬರುತ್ತದೆ ಅನ್ನುತ್ತಾರೆ. ನನ್ನದು ಲೆಕ್ಕಪತ್ರದ ಕೆಲಸ, ಸಾಹಿತ್ಯ ಓದಿದವನಲ್ಲ. ಒಳ್ಳೆಯ ಕ್ಲಾಸ್ ಯಾವುದು ಎಂದು ನನ್ನಂಥವನು ತಿಳಿಯುವುದು ಹೇಗೆ? ಅವಳಿಗೆ ಕ್ಯಾಮೆರಾ ಮುಂದೆ ಮಾತಾಡೋಕೆ ಸಂಕೋಚ ಬೇರೆ.

ಉತ್ತರ: ಅವಳೇ ಕೇಳಿದಳು ಅಂದಿರಲ್ಲ, ಅದು ತುಂಬ ಒಳ್ಳೆಯ ಸುದ್ದಿ. ಎರಡು ವರ್ಷ ಮುಚ್ಚಿಟ್ಟುಕೊಂಡು ಬರೆದ ಹುಡುಗಿ ಈಗ ಕ್ಲಾಸ್ ಬೇಕು ಅನ್ನುತ್ತಿದ್ದಾಳೆ ಅಂದರೆ, ಯಾರಾದರೂ ಓದಲಿ ಎಂಬ ಆಸೆ ಹುಟ್ಟಿದೆ ಅಂತ ನನಗನ್ನಿಸುತ್ತದೆ. ಹಾಗಾಗಿ ಯಾವ ಕ್ಲಾಸ್ ನೋಡಿದರೂ ಮೊದಲು ಒಂದೇ ಪ್ರಶ್ನೆ ಕೇಳಿ. ನನ್ನ ಮಗಳು ಬರೆದದ್ದನ್ನು ಯಾರು ಓದುತ್ತಾರೆ, ಓದಿ ಏನು ಹೇಳುತ್ತಾರೆ, ಆಮೇಲೆ ಅವಳು ಏನು ಮಾಡಬೇಕು? ಈ ಮೂರಕ್ಕೂ ನೇರ ಉತ್ತರ ಸಿಕ್ಕರೆ ಮುಂದಿನದನ್ನು ನೋಡಿ. ಸಿಗದಿದ್ದರೆ ಆ ಕ್ಲಾಸ್ ಬಿಟ್ಟುಬಿಡಿ. ಇದನ್ನು ಕೇಳೋಕೆ ಸಾಹಿತ್ಯ ಓದಿರಬೇಕಾಗಿಲ್ಲ.

ನೀವು ಲೆಕ್ಕದವರು, ಆದ್ದರಿಂದ ಲೆಕ್ಕದಿಂದಲೇ ಶುರು ಮಾಡೋಣ. ನಾಲ್ಕು ವಾರದ ಕೋರ್ಸ್, ವಾರಕ್ಕೆ ಎರಡು ಕ್ಲಾಸ್ ಅಂದುಕೊಳ್ಳಿ. ಒಟ್ಟು 8 ಕ್ಲಾಸ್. ಒಂದು ಕ್ಲಾಸಿನಲ್ಲಿ ಇಬ್ಬರು ಮಕ್ಕಳ ಬರಹವನ್ನು ಸರಿಯಾಗಿ ಓದಿ ಚರ್ಚೆ ಮಾಡಬಹುದು. ಅದಕ್ಕಿಂತ ಜಾಸ್ತಿ ಮಾಡಿದರೆ ಅವಸರವಾಗುತ್ತದೆ. ಅಂದರೆ ಇಡೀ ಕೋರ್ಸಿನಲ್ಲಿ 16 ಸಲ ಅವಕಾಶ. ಬ್ಯಾಚಿನಲ್ಲಿ 12 ಮಕ್ಕಳಿದ್ದರೆ ಎಲ್ಲರಿಗೂ ಒಮ್ಮೆ ಸಿಗುತ್ತದೆ, ನಾಲ್ವರಿಗೆ ಎರಡನೇ ಸಲವೂ ಸಿಗುತ್ತದೆ. 30 ಮಕ್ಕಳಿದ್ದರೆ? 14 ಮಕ್ಕಳ ಒಂದೇ ಒಂದು ಪುಟವನ್ನೂ ಕ್ಲಾಸಿನಲ್ಲಿ ಯಾರೂ ಓದುವುದಿಲ್ಲ. ಸಂಕೋಚದ ಮಕ್ಕಳು ಆ 14ರಲ್ಲೇ ಉಳಿದುಬಿಡುತ್ತಾರೆ. ಕೈ ಎತ್ತುವವರು ಹೇಗೂ ಎತ್ತುತ್ತಾರೆ, ಅಲ್ವಾ? ನಿಮ್ಮ ಮಗಳಂಥವರಿಗೆ 10ರಿಂದ 12 ಮಕ್ಕಳ ಬ್ಯಾಚ್ ಸರಿ. ಅದಕ್ಕಿಂತ ದೊಡ್ಡ ಬ್ಯಾಚ್ ಆದರೆ, ಕ್ಲಾಸಿನ ಹೊರಗೆ ಟೀಚರ್ ಪ್ರತಿ ಮಗುವಿನ ಬರಹಕ್ಕೂ ಬರೆದು ಉತ್ತರ ಕೊಡುತ್ತಾರಾ ಎಂದು ಕೇಳಿ.

ರೆಕಾರ್ಡ್ ಮಾಡಿದ ವಿಡಿಯೊ ಕೋರ್ಸುಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿಯೇ ಇದೆ. ಮಗು ಹಾಡುವುದನ್ನು ಒಮ್ಮೆಯೂ ಕೇಳದ ಸಂಗೀತ ಮೇಷ್ಟ್ರ ಹತ್ತಿರ ನೀವು ಪಾಠಕ್ಕೆ ಕಳಿಸುತ್ತೀರಾ? ಕಥೆಯ ಆರಂಭ ಹೇಗಿರಬೇಕು, ಪಾತ್ರ ಹೇಗೆ ಕಟ್ಟಬೇಕು ಎಂಬ ವಿಡಿಯೊಗಳು ಕೇಳೋಕೆ ಚೆನ್ನಾಗಿರುತ್ತವೆ. ಆದರೆ ಅವು ನಿಮ್ಮ ಮಗಳ ಕಥೆಯನ್ನು ಓದಿಲ್ಲ.

ಓದಿ ಏನು ಹೇಳುತ್ತಾರೆ ಅನ್ನುವುದು ಇದರಲ್ಲಿ ಬಹಳ ಮುಖ್ಯವಾದ ಭಾಗ. ಸುಮ್ನೆ ಮಾತಲ್ಲಿ ಹೇಳುವುದಕ್ಕಿಂತ ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಬರೆದಳು ಅಂದುಕೊಳ್ಳಿ:

"ನನ್ನ ಗೆಳತಿ ಶಾಲೆ ಬಿಟ್ಟು ಬೇರೆ ಊರಿಗೆ ಹೋದಳು. ನನಗೆ ತುಂಬಾ ಬೇಜಾರಾಯಿತು. ಅವಳು ತುಂಬಾ ಒಳ್ಳೆಯವಳು. ನಾವು ಯಾವಾಗಲೂ ಜೊತೆಗೇ ಇರುತ್ತಿದ್ದೆವು. ಈಗ ಬೆಂಚಿನ ಮೇಲೆ ಅವಳ ಜಾಗದಲ್ಲಿ ನನ್ನ ಬ್ಯಾಗ್ ಇಡುತ್ತೇನೆ."

ಒಬ್ಬ ಟೀಚರ್ ಇದರ ಕೆಳಗೆ "ಚೆನ್ನಾಗಿದೆ, ಹೀಗೇ ಬರೆಯುತ್ತಿರು" ಎಂದು ಬರೆದು ಒಂದು ಸ್ಟಾರ್ ಹಾಕುತ್ತಾರೆ. ಮಗುವಿಗೆ ಖುಷಿಯಾಗುತ್ತದೆ, ಆದರೆ ನಾಳೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಇನ್ನೊಬ್ಬರು ಎರಡು "ತುಂಬಾ"ಗಳಿಗೆ ಕೆಂಪು ಗೀಟು ಎಳೆದು, ವರ್ಣನೆ ಸಾಲದು, ಉಪಮೆ ಬಳಸು ಅನ್ನುತ್ತಾರೆ. ಮಗು ಎಲ್ಲಿಂದಲೋ ಒಂದು ಉಪಮೆ ತಂದು ಅಂಟಿಸುತ್ತದೆ. ಮೂರನೆಯವರು ಹೀಗೆ ಬರೆಯುತ್ತಾರೆ: "ಬ್ಯಾಗಿನ ಸಾಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ ಮತ್ತೆ ಓದಿದೆ. ಯಾಕೆ ಇಡುತ್ತೀಯ ಅಲ್ಲಿ? ಯಾರಾದರೂ ಅಲ್ಲಿ ಕೂರಲು ಬಂದಿದ್ದರಾ? ಬೇಜಾರು, ಒಳ್ಳೆಯವಳು ಎಂಬ ಪದಗಳಿಲ್ಲದೆ, ಬರೀ ಆ ಬೆಂಚಿನ ಬಗ್ಗೆ ಇನ್ನೊಂದು ಸಲ ಬರೆದು ನೋಡು."

ಆ ಹುಡುಗಿ ಎರಡು ದಿನ ಬಿಟ್ಟು ಹೀಗೆ ಬರೆದು ಕಳಿಸಬಹುದು: "ಸೋಮವಾರ ಹೊಸ ಹುಡುಗಿ ಬಂದಳು. ಇಲ್ಲಿ ಯಾರಾದರೂ ಕೂರುತ್ತಾರಾ ಅಂತ ಕೇಳಿದಳು. ನಾನು ಹೌದು ಅಂದೆ. ಬ್ಯಾಗನ್ನು ಇನ್ನೂ ಸ್ವಲ್ಪ ಆ ಕಡೆ ಸರಿಸಿದೆ."

ಮೂರನೇ ಟೀಚರ್ ಹೊಸದೇನನ್ನೂ ಕಲಿಸಲಿಲ್ಲ. ಮಗು ಆಗಲೇ ಬರೆದಿದ್ದ ಒಳ್ಳೆಯ ಸಾಲನ್ನು ಅದಕ್ಕೇ ತೋರಿಸಿಕೊಟ್ಟರು, ಒಂದು ಸಣ್ಣ ಕೆಲಸ ಕೊಟ್ಟರು. ಬರವಣಿಗೆ ಕಲಿಸುವುದು ಬಹುಪಾಲು ಇಷ್ಟೇ. ಕ್ಲಾಸಿನವರನ್ನು ಕೇಳುವಾಗ, ಮಕ್ಕಳ ಬರಹಕ್ಕೆ ಟೀಚರ್ ಕೊಟ್ಟ ಪ್ರತಿಕ್ರಿಯೆಯ ಒಂದು ಮಾದರಿಯನ್ನು ಹೆಸರು ಅಳಿಸಿ ಕಳಿಸಿ ಎಂದು ಹೇಳಿ. ಓದಿದ ಕೂಡಲೇ ನಿಮಗೇ ಗೊತ್ತಾಗುತ್ತದೆ. ಮಗುವಿನ ಯಾವುದಾದರೂ ನಿರ್ದಿಷ್ಟ ಸಾಲನ್ನು ಹಿಡಿದು ಮಾತಾಡಿದ್ದಾರಾ? ಮುಂದೇನು ಮಾಡಬೇಕು ಎಂದು ಹೇಳಿದ್ದಾರಾ? ಈ ಎರಡನ್ನು ನೋಡಿ.

ಎರಡನೇ ಸಲ ಬರೆಯುವುದಕ್ಕೆ ಯಾಕಿಷ್ಟು ಒತ್ತು ಕೊಡುತ್ತಿದ್ದೇನೆ ಅಂದರೆ, ಅನುಭವವೂ ಅದನ್ನೇ ಹೇಳುತ್ತದೆ, ಸಂಶೋಧನೆಯೂ ಅದನ್ನೇ ಹೇಳುತ್ತದೆ. 2007ರಲ್ಲಿ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ ಎಂಬ ಇಬ್ಬರು ಸಂಶೋಧಕರು 4ರಿಂದ 12ನೇ ತರಗತಿಯ ಮಕ್ಕಳಿಗೆ ಬರವಣಿಗೆ ಕಲಿಸುವ ವಿಧಾನಗಳ ಮೇಲೆ ಅದುವರೆಗೆ ನಡೆದಿದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಕೆಲಸಕ್ಕೆ ಬರುವ 11 ವಿಧಾನಗಳನ್ನು ಪಟ್ಟಿ ಮಾಡಿದರು. ಬರೆಯುವ ಮೊದಲು ಯೋಚಿಸುವುದು, ಬರೆದದ್ದನ್ನು ತಿದ್ದಿ ಮತ್ತೆ ಬರೆಯುವುದು ಹೇಗೆ ಎಂದು ಹಂತಹಂತವಾಗಿ ಕಲಿಸುವುದು ಅದರಲ್ಲಿ ಎಲ್ಲಕ್ಕಿಂತ ಮೇಲೆ ಬಂತು. ಜೊತೆಯವರೊಂದಿಗೆ ಸೇರಿ ಬರೆಯುವುದು, ಏನು ಸಾಧಿಸಬೇಕು ಎಂಬ ಸ್ಪಷ್ಟ ಗುರಿ ಕೊಡುವುದು, ಇವೂ ಮೇಲಿನ ಸಾಲಿನಲ್ಲೇ ಇದ್ದವು. ವ್ಯಾಕರಣವನ್ನು ಬರವಣಿಗೆಯಿಂದ ಬೇರ್ಪಡಿಸಿ ಪಾಠವಾಗಿ ಹೇಳಿಕೊಟ್ಟಾಗ ಮಾತ್ರ ಬರಹ ಸುಧಾರಿಸಲಿಲ್ಲ, ಸ್ವಲ್ಪ ಹಿಂದೆಯೇ ಬಿತ್ತು. ಅದೇ ಹೊತ್ತಿನಲ್ಲಿ ಚಿಕ್ಕ ಚಿಕ್ಕ ವಾಕ್ಯಗಳನ್ನು ಜೋಡಿಸಿ ದೊಡ್ಡ ವಾಕ್ಯ ಕಟ್ಟುವ ಅಭ್ಯಾಸ ಚೆನ್ನಾಗಿ ಫಲ ಕೊಟ್ಟಿತ್ತು. ಹಾಗಾಗಿ ರಜೆಯ ಕ್ಲಾಸಿನ ವೇಳಾಪಟ್ಟಿಯಲ್ಲಿ ಅರ್ಧಕ್ಕರ್ಧ ವ್ಯಾಕರಣದ ಹಾಳೆ, ಪದ ಪಟ್ಟಿ, ಬಹು ಆಯ್ಕೆ ಪ್ರಶ್ನೆ ಕಂಡರೆ ಅದು ಶಾಲೆಯ ಪಾಠದ್ದೇ ಇನ್ನೊಂದು ರೂಪ. ನಿಮ್ಮ ಮಗಳು ಕೇಳಿದ್ದು ಅದಲ್ಲ.

ಈ ಕಾರಣಕ್ಕೇ ದಿನಾ ಎರಡು ಗಂಟೆಯ ಕ್ಲಾಸ್ ನನಗೆ ಒಪ್ಪಿಗೆಯಿಲ್ಲ. ಬರೆಯೋಕೆ ಯಾವಾಗ ಸಮಯ? ಇವತ್ತಿನ ಕ್ಲಾಸಿನಲ್ಲಿ ಬಂದ ಮಾತು ತಲೆಯಲ್ಲಿ ಒಂದು ರಾತ್ರಿ ಇರಬೇಕು. ಮರುದಿನ ಅವಳು ಸುಮ್ಮನೆ ಕಿಟಕಿ ಹತ್ತಿರ ಕೂತಿರಬೇಕು. ಅದರ ಮರುದಿನ ಬರೆಯಬೇಕು. ವಾರಕ್ಕೆ ಎರಡು ಅಥವಾ ಮೂರು ಕ್ಲಾಸ್, ಒಂದೊಂದು ಒಂದರಿಂದ ಒಂದೂವರೆ ಗಂಟೆ, ನಡುವೆ ಖಾಲಿ ದಿನಗಳು. ಹೀಗಿದ್ದರೆ ಸಾಕು. ಒಂದು ಕೋರ್ಸಿನಲ್ಲಿ ಎರಡು ಬರಹಗಳು ಮೂರು ಮೂರು ಸಲ ತಿದ್ದಿಸಿಕೊಂಡು ಮುಗಿದರೆ, ಹತ್ತು ಹೊಸ ಬರಹಗಳಿಗಿಂತ ಅದರಿಂದ ಕಲಿಯುವುದು ಜಾಸ್ತಿ.

ಈಗ ಕ್ಯಾಮೆರಾ ವಿಷಯ. ಇದನ್ನು ಅವಳ ದೋಷ ಅಂತ ದಯವಿಟ್ಟು ನೋಡಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿಡಿಯೊ ಕರೆಗಳು ಯಾಕೆ ಸುಸ್ತು ಮಾಡುತ್ತವೆ ಎಂದು ಬರೆದಾಗ ನಾಲ್ಕು ಕಾರಣ ಕೊಟ್ಟಿದ್ದರು. ಎಲ್ಲರ ಮುಖ ತೀರಾ ಹತ್ತಿರದಲ್ಲಿ ನಮ್ಮನ್ನೇ ನೋಡುತ್ತಿರುತ್ತದೆ. ನಮ್ಮ ಮುಖವೇ ಇಡೀ ಹೊತ್ತು ನಮಗೆ ಕಾಣುತ್ತಿರುತ್ತದೆ. ಅಲ್ಲಾಡದೆ ಕೂರಬೇಕು. ಎದುರಿಗಿರುವವರ ಸನ್ನೆ, ಮುಖಭಾವ ಅರ್ಥ ಮಾಡಿಕೊಳ್ಳೋಕೆ ಮನಸ್ಸು ಹೆಚ್ಚು ಕೆಲಸ ಮಾಡಬೇಕು. ದೊಡ್ಡವರಿಗೇ ಹೀಗಾದರೆ, ತನ್ನ ಮುಖದ ಬಗ್ಗೆಯೇ ನೂರು ಯೋಚನೆಯಿರುವ ಹದಿನಾಲ್ಕರ ಹುಡುಗಿಗೆ ಹೇಗಿರಬೇಡ? ತಕ್ಷಣ ಮಾಡಬಹುದಾದ ಒಂದು ಕೆಲಸ ಇದೆ. ಆ್ಯಪಿನಲ್ಲಿ ತನ್ನ ಚಿತ್ರ ತನಗೆ ಕಾಣದ ಹಾಗೆ ಮಾಡುವ ಆಯ್ಕೆ ಇರುತ್ತದೆ, ಅದನ್ನು ಹಾಕಿಕೊಡಿ. ಎಷ್ಟೋ ಮಕ್ಕಳಿಗೆ ಅಷ್ಟರಿಂದಲೇ ಹಗುರವಾಗುತ್ತದೆ.

ಉಳಿದದ್ದು ಟೀಚರ್ ಕೈಯಲ್ಲಿದೆ. ಮಕ್ಕಳು ಬರೆಯುವ ಹೊತ್ತಿನಲ್ಲಿ ಕ್ಯಾಮೆರಾ ಆಫ್ ಮಾಡಲು ಬಿಡುತ್ತಾರಾ? ಮಾತಿನ ಬದಲು ಚಾಟಿನಲ್ಲಿ ಬರೆದರೆ ಅದನ್ನೂ ಪಾಲ್ಗೊಂಡದ್ದು ಅಂತ ಎಣಿಸುತ್ತಾರಾ? ಬರಹವನ್ನು ಮಗುವೇ ಓದಬೇಕಾ, ಟೀಚರ್ ಅಥವಾ ಇನ್ನೊಬ್ಬರು ಓದಿದರೂ ನಡೆಯುತ್ತದಾ? ಆನ್‌ಲೈನ್ ಕ್ಲಾಸಿಗೆ ಇಲ್ಲಿ ಒಂದು ಅನುಕೂಲವೂ ಇದೆ. ಎಲ್ಲರ ಮುಂದೆ ಬಾಯಿ ಬಿಡದ ಮಗು ಹಂಚಿಕೊಂಡ ಡಾಕ್ಯುಮೆಂಟಿನಲ್ಲಿ ಗೆಳೆಯನ ಕಥೆಯ ಪಕ್ಕ ಉದ್ದುದ್ದ ಟಿಪ್ಪಣಿ ಬರೆಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಇಂಥ ಮಕ್ಕಳು ಮೌನವಾಗಿದ್ದರೂ ಎಲ್ಲವನ್ನೂ ಗಮನಿಸುತ್ತಿರುತ್ತಾರೆ.

ಕ್ಲಾಸಿನ ಒಳಗೇ ಬರೆಯಲು ಸಮಯ ಕೊಡುವ ಟೀಚರ್ ಸಿಕ್ಕರೆ ಬಿಡಬೇಡಿ. ಬರವಣಿಗೆ ಕಲಿಸುವುದರ ಬಗ್ಗೆ ಬರೆದ ಅಮೆರಿಕದ ಪ್ರಾಧ್ಯಾಪಕ ಪೀಟರ್ ಎಲ್ಬೋ 1973ರಲ್ಲೇ ಹತ್ತು ನಿಮಿಷ ಪೆನ್ನು ನಿಲ್ಲಿಸದೆ, ತಿದ್ದದೆ ಬರೆಯುವ ಅಭ್ಯಾಸವನ್ನು ಜನಪ್ರಿಯ ಮಾಡಿದರು. ಆನ್‌ಲೈನ್ ಕ್ಲಾಸಿನಲ್ಲಾದರೆ ಎಲ್ಲರೂ ಮ್ಯೂಟ್ ಮಾಡಿಕೊಂಡು, ಒಂದೇ ಹೊತ್ತಿನಲ್ಲಿ, ಬೇರೆ ಬೇರೆ ಮನೆಗಳಲ್ಲಿ ಕೂತು ಬರೆಯುತ್ತಾರೆ. ಟೀಚರೂ ಬರೆಯುತ್ತಾರೆ. ಹೊರಗಿನಿಂದ ನೋಡಿದವರಿಗೆ ಪಾಠವೇ ನಡೆಯುತ್ತಿಲ್ಲ ಅನ್ನಿಸಬಹುದು. ಫೀಸು ಕೊಟ್ಟು ಸುಮ್ನೆ ಕೂರಿಸಿದ್ದಾರೆ ಎಂದು ದೂರು ಕೊಡಬೇಡಿ. ಆ ಹತ್ತು ನಿಮಿಷವೇ ಪಾಠ.

ಮಕ್ಕಳು ಒಬ್ಬರ ಬರಹಕ್ಕೆ ಇನ್ನೊಬ್ಬರು ಏನು ಹೇಳುತ್ತಾರೆ ಅನ್ನುವುದಕ್ಕೂ ಒಂದು ಕ್ರಮ ಬೇಕು. ಬರೆದವರು ಬಾಯಿ ಮುಚ್ಚಿ ಕೂರಬೇಕು, ಉಳಿದವರು ಅದನ್ನು ಬಿಡಿಸಿ ಬಿಡಿಸಿ ಚರ್ಚಿಸಬೇಕು ಎಂಬ ಪದ್ಧತಿಯೊಂದಿದೆ. 1936ರಲ್ಲಿ ಶುರುವಾದ ಅಯೋವಾ ವಿಶ್ವವಿದ್ಯಾಲಯದ ರೈಟರ್ಸ್ ವರ್ಕ್‌ಶಾಪ್‌ನಂಥ ಕಡೆ ಬೆಳೆದು ಹೆಸರಾದ ಪದ್ಧತಿ ಅದು. ವಯಸ್ಸಾದ, ಗಟ್ಟಿ ಮನಸ್ಸಿನ ಬರಹಗಾರರಿಗೆ ಸರಿ ಇರಬಹುದು. ಮೊದಲ ಸಲ ನೋಟ್‌ಬುಕ್ ತೆರೆಯುವ ಹುಡುಗಿಗೆ ಅದು ಬೇಡ. ನೃತ್ಯ ನಿರ್ದೇಶಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ಕ್ರಮ ಮಕ್ಕಳಿಗೆ ಎಷ್ಟೋ ಚೆನ್ನಾಗಿ ಹೊಂದುತ್ತದೆ. ಮೊದಲು ಎಲ್ಲರೂ ತಮ್ಮ ಮನಸ್ಸಿಗೆ ಏನು ತಾಕಿತು ಎಂದು ಹೇಳುತ್ತಾರೆ. ಆಮೇಲೆ ಬರೆದವರೇ ಪ್ರಶ್ನೆ ಕೇಳುತ್ತಾರೆ. ನಂತರ ಉಳಿದವರು ಬರೆದವರನ್ನು ಕೇಳುತ್ತಾರೆ, ಆದರೆ ಪ್ರಶ್ನೆಯೊಳಗೆ ಟೀಕೆ ಅಡಗಿಸಿಡುವ ಹಾಗಿಲ್ಲ. ಕೊನೆಗೆ, "ನನಗೊಂದು ಅಭಿಪ್ರಾಯ ಇದೆ, ಹೇಳಲಾ?" ಎಂದು ಅನುಮತಿ ಪಡೆದು ಹೇಳುತ್ತಾರೆ. ಬೇಡ ಅನ್ನುವ ಹಕ್ಕು ಬರೆದವರಿಗೆ ಇರುತ್ತದೆ. ಇದೇ ಹೆಸರಿನ ಪದ್ಧತಿ ಇರಬೇಕು ಅಂತಲ್ಲ. ನಿಮ್ಮ ಕ್ಲಾಸಿನಲ್ಲಿ ಮಕ್ಕಳು ಒಬ್ಬರಿಗೊಬ್ಬರು ಹೇಗೆ ಪ್ರತಿಕ್ರಿಯೆ ಕೊಡುತ್ತಾರೆ ಎಂದು ಕೇಳಿದಾಗ ಟೀಚರ್ ಹತ್ತಿರ ಏನಾದರೂ ಉತ್ತರ ಇರಬೇಕು, ಅಷ್ಟೇ.

ಸಾಹಿತ್ಯದ ಭಾಗ ಮರೆಯಬೇಡಿ. ಬರೆಯುವ ಕ್ಲಾಸ್ ಅಂತ ಹೇಳಿ ಏನನ್ನೂ ಓದಿಸದಿದ್ದರೆ ಮಕ್ಕಳು ತಾವು ನೋಡಿದ ಸೀರಿಯಲ್ಲಿನಂತೆಯೇ ಬರೆಯುತ್ತಾರೆ. ವಾರಕ್ಕೆ ಒಂದು ಸಣ್ಣ ಕಥೆಯನ್ನೋ ಎರಡು ಕವಿತೆಗಳನ್ನೋ ಪೂರ್ತಿಯಾಗಿ ಓದಿಸಬೇಕು, ಸಾರಾಂಶ ಕೊಟ್ಟು ಮುಗಿಸುವುದಲ್ಲ. ಓದಿದ ಮೇಲೆ ಕೇಳುವ ಪ್ರಶ್ನೆಯಲ್ಲಿ ಟೀಚರ್ ಎಂಥವರು ಎಂದು ತಿಳಿಯುತ್ತದೆ. ಈ ಕಥೆಯ ನೀತಿ ಏನು ಎಂದು ಶಾಲೆಯಲ್ಲಿ ಆಗಲೇ ಕೇಳಿದ್ದಾರೆ. ಕಥೆ ಇಲ್ಲಿಂದಲೇ ಯಾಕೆ ಶುರುವಾಯಿತು, ಈ ಅಪ್ಪ ಯಾಕೆ ಒಂದೂ ಮಾತಾಡುವುದಿಲ್ಲ, ಈ ಸಾಲು ತೆಗೆದರೆ ಏನು ಕಳೆದುಹೋಗುತ್ತದೆ ಎಂದು ಕೇಳುವವರು ಮಕ್ಕಳಿಗೆ ಬರೆಯುವವರ ಕಣ್ಣು ಕೊಡುತ್ತಾರೆ. ಭಾಷೆಯ ವಿಷಯದಲ್ಲಿ ನನ್ನ ಸಲಹೆ ಸರಳ. ನೋಟ್‌ಬುಕ್ಕಿನಲ್ಲಿ ಅವಳು ಯಾವ ಭಾಷೆಯಲ್ಲಿ ಬರೆಯುತ್ತಾಳೋ ಆ ಭಾಷೆಯ ಕ್ಲಾಸ್ ನೋಡಿ.

ಟೀಚರ್ ಸ್ವತಃ ಬರೆಯುವವರಾಗಿರಬೇಕಾ? ಹೌದು ಅನ್ನುತ್ತೇನೆ. ಆದರೆ ಹೆಸರಾಂತ ಲೇಖಕರೇ ಆಗಬೇಕಿಲ್ಲ. 1974ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಜೇಮ್ಸ್ ಗ್ರೇ ಎಂಬುವರು ಶಿಕ್ಷಕರಿಗಾಗಿಯೇ ಒಂದು ಬೇಸಿಗೆ ಶಿಬಿರ ಶುರು ಮಾಡಿದರು. ಮುಂದೆ ಅದು ದೇಶಾದ್ಯಂತ ಹಬ್ಬಿ ನ್ಯಾಷನಲ್ ರೈಟಿಂಗ್ ಪ್ರಾಜೆಕ್ಟ್ ಆಯಿತು. ಬರವಣಿಗೆ ಕಲಿಸುವವರು ತಾವೂ ಬರೆಯಬೇಕು ಅನ್ನುವುದು ಅದರ ತಳಹದಿ. ಕಳೆದ ತಿಂಗಳು ತಾನೇ ಒಂದು ಪ್ಯಾರಾ ಜೊತೆ ಒದ್ದಾಡಿದವರಿಗೆ ಮಗುವಿನ ಒದ್ದಾಟ ಅರ್ಥವಾಗುತ್ತದೆ. ಜಾಹೀರಾತಿನಲ್ಲಿ ದೊಡ್ಡ ಲೇಖಕರ ಫೋಟೊ ಇದ್ದರೆ, ಅವರು ಎಷ್ಟು ಕ್ಲಾಸ್ ತೆಗೆದುಕೊಳ್ಳುತ್ತಾರೆ, ಮಕ್ಕಳ ಬರಹ ಓದುವವರು ಅವರೇನಾ ಎಂದು ಕೇಳಿ ಖಚಿತ ಮಾಡಿಕೊಳ್ಳಿ.

ಪುಸ್ತಕ ತರುತ್ತೇವೆ ಅನ್ನುವವರ ಬಗ್ಗೆ ಹುಷಾರಾಗಿರಿ. ಮೂರು ವಾರದಲ್ಲಿ ಬರೆದದ್ದನ್ನೆಲ್ಲ ಅಚ್ಚು ಹಾಕಿಸಿ, ಪ್ರತಿಗಳನ್ನು ಅಪ್ಪ ಅಮ್ಮನಿಗೇ ಮಾರುವುದರಲ್ಲಿ ಮಗುವಿಗೆ ಒಳ್ಳೆಯದೇನೂ ಆಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹದಿನಾಲ್ಕರಲ್ಲಿ ಬರೆದ ಹಸಿ ಕಥೆಯನ್ನು ಹದಿನೇಳರಲ್ಲಿ ಅವಳೇ ಬೇರೆ ರೀತಿ ಬರೆಯಬೇಕು ಅಂದುಕೊಳ್ಳಬಹುದು. ಒಮ್ಮೆ ಪ್ರಕಟವಾದ ಬರಹವನ್ನು ಅನೇಕ ಪತ್ರಿಕೆಗಳು, ಸ್ಪರ್ಧೆಗಳು ತೆಗೆದುಕೊಳ್ಳುವುದೂ ಇಲ್ಲ. ಸೇರುವ ಮುನ್ನ ನಿಯಮಗಳನ್ನು ಓದಿ. ಕೃತಿಸ್ವಾಮ್ಯದ ಬಗೆಗಿನ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕೃತಿಯ ಹಕ್ಕು ಯಾವ ನೋಂದಣಿಯೂ ಇಲ್ಲದೆ ಬರೆದವರಿಗೇ ಸೇರುತ್ತದೆ. ಮಕ್ಕಳ ಬರಹವನ್ನು ನಾವು ಹೇಗೆ ಬೇಕಾದರೂ ಬಳಸುತ್ತೇವೆ ಎಂಬ ಸಾಲು ಕಂಡರೆ ಅದನ್ನು ತೆಗೆಯಲು ಹೇಳಿ. ಒಪ್ಪದಿದ್ದರೆ ಸೇರಿಸಬೇಡಿ. ಸರ್ಟಿಫಿಕೇಟ್ ಸಿಗುತ್ತದಾ ಇಲ್ಲವಾ ಎಂದು ತಲೆ ಕೆಡಿಸಿಕೊಳ್ಳಬೇಡಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಕೃತಕ ಬುದ್ಧಿಮತ್ತೆಯ ಆ್ಯಪುಗಳಿಂದ ಬರೆಸಿ ತರುವ ಮಕ್ಕಳು ಈಗ ಎಲ್ಲ ಕ್ಲಾಸಿನಲ್ಲೂ ಇರುತ್ತಾರೆ. ಕೆಲವು ಕಡೆ ಪತ್ತೆ ಹಚ್ಚುವ ಸಾಫ್ಟ್‌ವೇರ್ ಇಟ್ಟುಕೊಂಡಿದ್ದಾರೆ. ಅದನ್ನು ನಂಬಬೇಡಿ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮನೆಮಾತಲ್ಲದವರು ಸ್ವಂತವಾಗಿ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರ ಬರೆದದ್ದು ಎಂದು ತಪ್ಪಾಗಿ ಹೇಳಿದವು. ಅದೇ ವರ್ಷ ಜುಲೈನಲ್ಲಿ, ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು ನಿಲ್ಲಿಸಿತು. ಮಾಡದ ತಪ್ಪಿಗೆ ಮಗುವನ್ನು ಅನುಮಾನಿಸಿದರೆ ಅವಳು ಮತ್ತೆ ನೋಟ್‌ಬುಕ್ ಮುಚ್ಚಿಬಿಡಬಹುದು. ಮೊದಲ ಕರಡು, ಎರಡನೇ ಕರಡು, ಅವುಗಳ ಮೇಲಿನ ಮಾತು, ಇವೆಲ್ಲ ಕಣ್ಣೆದುರೇ ನಡೆಯುವ ಕ್ಲಾಸಿನಲ್ಲಿ ಈ ಸಮಸ್ಯೆ ತಾನಾಗಿಯೇ ಕಡಿಮೆಯಾಗುತ್ತದೆ.

ಸುರಕ್ಷತೆಯ ಬಗ್ಗೆ ಎರಡೇ ಮಾತು. ಟೀಚರ್ ಮತ್ತು ಮಗುವಿನ ನಡುವಿನ ಸಂದೇಶಗಳು ನಿಮಗೂ ತೆರೆದಿರುವ ವ್ಯವಸ್ಥೆಯಲ್ಲೇ ನಡೆಯಬೇಕು, ಖಾಸಗಿ ಫೋನ್ ನಂಬರಿನಲ್ಲಿ ಅಲ್ಲ. ಕ್ಲಾಸ್ ರೆಕಾರ್ಡ್ ಆಗುತ್ತದಾ, ಅದು ಯಾರ ಕೈಗೆ ಹೋಗುತ್ತದೆ, ಯಾವಾಗ ಅಳಿಸುತ್ತಾರೆ ಎಂದು ಕೇಳಿಕೊಳ್ಳಿ. ಮಕ್ಕಳು ಕಥೆಯಲ್ಲಿ ಮನೆಯ ವಿಷಯ ಬರೆಯುತ್ತಾರೆ.

ಮನೆಯಲ್ಲಿ ನಿಮ್ಮ ಕೆಲಸವೂ ಸ್ವಲ್ಪ ಇದೆ. ಅವಳ ನೋಟ್‌ಬುಕ್ಕನ್ನು ಕೇಳದೆ ತೆರೆಯಬೇಡಿ. ಅವಳಾಗಿಯೇ ತೋರಿಸಿದರೆ ಕಾಗುಣಿತ ತಿದ್ದಬೇಡಿ, ಇದು ನಮ್ಮ ಮನೆಯ ಕಥೆಯಾ ಎಂದು ವಿಚಾರಣೆ ಮಾಡಬೇಡಿ. ನಿಮಗೆ ಸಾಹಿತ್ಯ ಗೊತ್ತಿಲ್ಲ ಅಂದಿರಿ. ಅದರಿಂದ ತೊಂದರೆಯೇನೂ ಇಲ್ಲ. ಯಾವ ಸಾಲು ನೆನಪಲ್ಲಿ ಉಳಿಯಿತು, ಎಲ್ಲಿ ಇನ್ನಷ್ಟು ತಿಳಿಯಬೇಕು ಅನ್ನಿಸಿತು ಎಂದು ಓದುಗನಾಗಿ ಹೇಳಿದರೆ ಸಾಕು.

ಮುಂದಿನ ಹೆಜ್ಜೆ ಹೀಗಿರಲಿ. ನಿಮಗೆ ಸರಿ ಅನ್ನಿಸಿದ ಎರಡು ಮೂರು ಕ್ಲಾಸುಗಳಿಗೆ ಇವತ್ತೇ ಮೇಲ್ ಬರೆಯಿರಿ. ಬ್ಯಾಚಿನಲ್ಲಿ ಎಷ್ಟು ಮಕ್ಕಳು, ಬರಹವನ್ನು ಯಾರು ಓದುತ್ತಾರೆ, ಎಷ್ಟು ಸಲ ತಿದ್ದಿ ಬರೆಸುತ್ತಾರೆ ಎಂದು ಕೇಳಿ, ಪ್ರತಿಕ್ರಿಯೆಯ ಮಾದರಿಯನ್ನೂ ಕೇಳಿ. ಡೆಮೊ ಕ್ಲಾಸ್ ಇದ್ದರೆ ಅವಳನ್ನು ಕೂರಿಸಿ, ಮುಗಿದ ಮೇಲೆ ಆಯ್ಕೆ ಅವಳಿಗೇ ಬಿಡಿ. ಸೇರಿದ ಎರಡು ವಾರದೊಳಗೆ ಅವಳ ಒಂದಾದರೂ ಬರಹ ಟಿಪ್ಪಣಿಯೊಂದಿಗೆ ವಾಪಸ್ ಬರಬೇಕು. ಬರದಿದ್ದರೆ ಟೀಚರಿಗೆ ಫೋನ್ ಮಾಡಿ ಕೇಳಿ. ಅದಕ್ಕೂ ಬಗ್ಗದಿದ್ದರೆ ಬಿಡಿಸಿ, ಉಳಿದ ಫೀಸು ವಾಪಸ್ ಕೇಳಿ. ಯಾವ ಕ್ಲಾಸೂ ಹೊಂದದಿದ್ದರೆ, ಬರೆಯುವ ಇಷ್ಟವಿರುವ ಇನ್ನಿಬ್ಬರು ಮಕ್ಕಳನ್ನು ಹುಡುಕಿ ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಸೇರಿಸಿ. ಲರ್ಮನ್ ಅವರ ಆ ನಾಲ್ಕು ಹಂತಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಮೂವರು ಮಕ್ಕಳು ಅದನ್ನು ತಾವೇ ನಡೆಸಿಕೊಂಡು ಹೋಗಬಲ್ಲರು.